ಹಾಸಿದರೆ ಹಾಸಿಗೆ

ನಮ್ಮ ಮನೆಯಲ್ಲಿ ‘ಇದು ಹಾಸಿಗೆ’ ಎಂದು ಬೆರಳು ಮಾಡಿ ತೋರಿಸುವಂಥ ವಸ್ತು ಒಂದೂ ಇರಲಿಲ್ಲ. ಹಗಲು ಹೊತ್ತು ನೀವು ಬಂದಿದ್ದರೆ ಪಡಸಾಲೆಯ ಮೂಲೆಯಲ್ಲಿ, ಜೋಳದ ಚೀಲಗಳ ಮೇಲೆ, ಮಡಿಚಿಟ್ಟ ಕೌದಿಗಳು ಕಾಣುತ್ತಿದ್ದವು. ಎರಡು ಕಂಬಳಿ, ಒಂದು ಜಮಖಾನಿ, ಬೀಗರು ಬಂದಾಗಷ್ಟೇ ಕೆಳಗಿಳಿಯುವ ಒಂದು ಗಾದಿ, ಮುತ್ಯಾ ಯಾರಿಗೂ ಬಿಟ್ಟುಕೊಡದ ಒಂದು ಗೋಣಿತಟ್ಟು. ಹಾಸಿಗೆ ಮಾತ್ರ ಎಲ್ಲೂ ಇಲ್ಲ. ರಾತ್ರಿ ಉಂಡು ಕೈ ತೊಳೆದ ಮೇಲೆ ಆಯಿ ‘ಹಾಸಿಗಿ ಹಾಸ್ರವ್ವಾ, ಹೊತ್ತಾತು’ ಅನ್ನುವಳು. ಆಗ ಅದೇ ಕೌದಿ, ಅದೇ ಕಂಬಳಿ, ಅದೇ ತಟ್ಟು ನೆಲಕ್ಕಿಳಿದು ಹಾಸಿಗೆ ಆಗುತ್ತಿದ್ದವು. ಬೆಳಗಾದರೆ ‘ಹಾಸಿಗಿ ಸುತ್ತೋ ತಮ್ಮಾ, ಬಿಸಲು ಮಾರಿಗಿ ಬಡ್ಯಾಕತ್ತದ’. ಸುತ್ತಿ ಇಟ್ಟರೆ ಹಾಸಿಗೆ ಮುಗಿಯಿತು. ಮೂಲೆಗೆ ಹೋದದ್ದು ಮತ್ತೆ ಕೌದಿ, ಕಂಬಳಿ, ತಟ್ಟು.

ಹಾಸಿಗೆ ನಾಮಪದ ಎಂದು ಸಾಲೆಯಲ್ಲಿ ಕಲಿತೆ. ಮನೆಯಲ್ಲಿ ಅದು ಕೆಲಸದ ಹೆಸರಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಮಾತು ಇದೇ: ಹಾಸಾಕ ಏನರೆ ಕೊಡು, ಹೊಚ್ಚಾಕ ಏನರೆ ಕೊಡು. ಯಾವ ಬಟ್ಟೆ ಎಂಬುದು ಆಮೇಲಿನ ಪ್ರಶ್ನೆ.

ವ್ಯಾಕರಣವೂ ಆಯಿಯ ಕಡೆಗೇ ಇದೆ. ‘ಹಾಸು’ ಎಂಬ ಧಾತುವಿಗೆ ‘ಇಗೆ’ ಸೇರಿ ಹಾಸಿಗೆ. ಹಳಬರು ಹಾಸುಗೆ ಎಂದೂ ಬರೆಯುತ್ತಿದ್ದರು. ನಮ್ಮ ಕಡೆ ಮನೆ ಮನಿ ಆದ ಹಾಗೆ ಕೊನೆಯ ಎಕಾರ ಇಕಾರವಾಗಿ ಹಾಸಿಗಿ. ಅಡುವುದರಿಂದ ಅಡಿಗೆ, ಉಡುವುದರಿಂದ ಉಡಿಗೆ, ತೊಡುವುದರಿಂದ ತೊಡಿಗೆ, ಹೊಲಿಯುವುದರಿಂದ ಹೊಲಿಗೆ. ನಂಬಿಗೆ ಮತ್ತು ಏಳಿಗೆ ಕೂಡ ಇದೇ ಅಚ್ಚಿನವು. ಒಂದು ಸಂಸಾರಕ್ಕೆ ಬೇಕಾದ್ದೆಲ್ಲ ಈ ಒಂದು ಪ್ರತ್ಯಯದಲ್ಲಿ ಬಂದುಹೋಯಿತು.

ಸಂಸ್ಕೃತದ ಶಯ್ಯೆಯನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಶಯ್ಯೆ, ಶಯನ ಎರಡೂ ಹುಟ್ಟಿದ್ದು ಮಲಗುವುದು ಎಂಬ ಅರ್ಥದ ಧಾತುವಿನಿಂದ. ಅಂದರೆ ಶಯ್ಯೆ ಮಲಗುವವನ ಕಡೆಯಿಂದ ನೋಡಿ ಇಟ್ಟ ಹೆಸರು. ಹಾಸಿಗೆ ಹಾಸುವವಳ ಕಡೆಯಿಂದ ನೋಡಿ ಇಟ್ಟದ್ದು. ಕನ್ನಡಕ್ಕೆ ‘ಮಲಗು’ ಎಂಬ ಧಾತು ಇಲ್ಲದೇನೂ ಇರಲಿಲ್ಲ. ಆದರೂ ದಿನಬಳಕೆಯ ಪದ ಮಾಡುವಾಗ ಭಾಷೆ ಬಗ್ಗಿ ನೆಲ ಗುಡಿಸಿ ಹಾಸಿದವಳನ್ನು ನೆನೆಯಿತು, ಮೈ ಚೆಲ್ಲಿದವನನ್ನು ಬಿಟ್ಟಿತು. ನನಗೆ ಈ ಪದದ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕಾರಣಕ್ಕೆ.

ಹಾಸು ಹಿಂದೆ ಪಾಸು ಆಗಿತ್ತು. 10ನೇ ಶತಮಾನದ ಪಂಪನ ಕನ್ನಡದಲ್ಲಿ ಹಾಲು ಪಾಲು, ಹಾವು ಪಾವು, ಹೂ ಪೂ. ಹಾಗೆಯೇ ಹಾಸು ಪಾಸು. ಆ ಹೊತ್ತಿಗಾಗಲೇ ಪದದ ಮೊದಲ ಪಕಾರ ಅಲ್ಲಲ್ಲಿ ಹಕಾರದತ್ತ ಜಾರತೊಡಗಿತ್ತು. ಬಾಗೇವಾಡಿಯ ಬಸವಣ್ಣನವರ ಕಾಲ 12ನೇ ಶತಮಾನ. ಇವತ್ತು ನಮ್ಮ ಕೈಯಲ್ಲಿರುವ ವಚನಗಳ ಪಾಠದಲ್ಲಿ ಹಾಲು ಹಾವುಗಳದ್ದೇ ರಾಜ್ಯ. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಈ ಪಕಾರ ಹಕಾರದ ಅದಲುಬದಲನ್ನು ಸೂತ್ರದೊಳಗೆ ಕಟ್ಟಬೇಕಾಯಿತು.

ನೆರೆಯವರು ಪಕಾರ ಬಿಡಲಿಲ್ಲ. ತಮಿಳಿನಲ್ಲಿ ಪಾಯ್ ಎಂದರೆ ಚಾಪೆ, ಪಾಯಲ್ ಎಂದರೆ ಹಾಸಿಗೆ. ಮಲಯಾಳದಲ್ಲಿ ಪಾಯ, ತುಳುವಿನಲ್ಲಿ ಪಜೆ, ಎರಡೂ ಚಾಪೆಯೇ. ತಮಿಳಿನ ಪಾಯ್‌ಗೆ ಇನ್ನೊಂದು ಅರ್ಥ ಹಡಗಿನ ಪಟ. ಗಾಳಿಗೆ ಹಾಸಿದ ಚಾಪೆ ಎಂದುಕೊಳ್ಳಿ. ಕನ್ನಡದ ಹಾಯಿದೋಣಿಯ ‘ಹಾಯಿ’ ಅದೇ ಪದ, ಪಕಾರ ಕಳೆದುಕೊಂಡು ಬಂದದ್ದು. ಹಾಸಿಗೆಗೂ ಹಾಯಿಗೂ ಒಂದೇ ತವರು. ಬಯಲುಸೀಮೆಯ ನಾವು ಹಾಯಿ ಕಂಡದ್ದು ಪಠ್ಯಪುಸ್ತಕದ ಚಿತ್ರದಲ್ಲಿ. ಆದರೂ ದಿನಾ ರಾತ್ರಿ ಅದರ ಒಡಹುಟ್ಟಿದವಳ ಮೇಲೆ ಮಲಗುತ್ತಿದ್ದೆವು.

ಈ ಪಕಾರ ಹಕಾರದಿಂದ ಒಂದು ಉಪಯೋಗವಿದೆ. ಪರಭಾಷೆಯಿಂದ ಬಂದು ಜನರ ಬಾಯಲ್ಲಿ ಬೆರೆತ ಪದ ಯಾವಾಗ ಮನೆ ಹೊಕ್ಕಿತು ಎಂಬುದನ್ನು ಇದರಿಂದ ಅಂದಾಜು ಮಾಡಬಹುದು. ಹೊದೆಯುವ ಬಟ್ಟೆಗೆ ಸಂಸ್ಕೃತದಲ್ಲಿ ಪ್ರಚ್ಛದ. ಅದು ಕನ್ನಡಕ್ಕೆ ಬಂದು ಪಚ್ಚಡ ಆಯಿತು, ಆಮೇಲೆ ಹಾಲು ಹಾವುಗಳ ಸಂಗಡ ತಾನೂ ಹಚ್ಚಡ ಆಯಿತು. ಅಂದರೆ ಅದು ಹಳೆಯ ಸೊಸೆ. ಪಲ್ಲಂಗ ಹಾಗಲ್ಲ. ಪರ್ಯಂಕ ಪ್ರಾಕೃತಗಳಲ್ಲಿ ಸುತ್ತಾಡಿ ಪಲ್ಲಂಕ, ಪಲಂಗ ಎಂದೆಲ್ಲ ಆಗಿ ನಮ್ಮ ಹೊಸಿಲಿಗೆ ಬರುವಷ್ಟರಲ್ಲಿ ಪಕಾರ ಹಕಾರವಾಗುವ ಕಾಲ ಮುಗಿದಿತ್ತು. ಅದಕ್ಕೇ ಅದು ಹಲ್ಲಂಗ ಆಗಲಿಲ್ಲ, ಪುಣ್ಯ. ಹಚ್ಚಡ ಈಗ ನಮ್ಮಲ್ಲಿ ಹಾಡಿನಲ್ಲಿ ಉಳಿದಷ್ಟು ಮನೆಯಲ್ಲಿ ಉಳಿದಿಲ್ಲ. ಹಳೆಯ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಅಂಥ ಕೆಲಸ ಆಗದಿದ್ದರೆ ಮನೆಬಳಕೆಯ ಎಷ್ಟು ಮಾತುಗಳು ಬೀಸುವ ಕಲ್ಲಿನ ಸಂಗಡವೇ ಅಟ್ಟ ಸೇರುತ್ತಿದ್ದವೋ. (ಸಿಂಪಿ ಎಂದರೆ ನಮ್ಮ ಕಡೆ ಬಟ್ಟೆ ಹೊಲಿಯುವವನು. ಚಿಂದಿಯಾಗಬೇಕಿದ್ದ ಹಾಡುಗಳನ್ನು ಕೂಡಿಸಿ ಹೊಲಿದವರ ಮನೆತನದ ಹೆಸರೂ ಅದೇ ಆಗಿತ್ತು.)

ಇನ್ನು ಕಲ್ಲಿನ ಮಾತು. ತಾಳಿಕೋಟಿ ಅಂದರೆ ಹೊರಗಿನವರಿಗೆ 1565ರ ಕಾಳಗ. ಕಾಳಗ ನಡೆದದ್ದು ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿಯ ಬಯಲಲ್ಲಿ ಎನ್ನುತ್ತಾರೆ. ಹೆಸರು ಮಾತ್ರ ತಾಳಿಕೋಟಿಗೆ ಹೋಯಿತು. ನಮ್ಮ ಪಾಲಿಗೆ ತಾಳಿಕೋಟಿ ಅಂದರೆ ಮೊದಲು ಕಲ್ಲು. ನೆಲದಡಿಯಿಂದ ಹಾಳೆ ಹಾಳೆಯಾಗಿ ಎದ್ದು ಬರುವ ಸುಣ್ಣಕಲ್ಲು. ಭೀಮಾ ತೀರದ ಶಹಾಬಾದಿನವರೆಗೂ ಇದರದೇ ಬಳಗ. ಮನೆಯ ನೆಲ, ಕಟ್ಟೆ, ಗುಡಿಯ ಅಂಗಳ, ಬಚ್ಚಲು, ಎಲ್ಲಕ್ಕೂ ಇದೇ. ಪುಸ್ತಕದ ಕನ್ನಡದಲ್ಲಿ ಇದು ಹಾಸುಗಲ್ಲು. ನಮ್ಮ ಬಾಯಲ್ಲಿ ಪರಸಿ.

ಹಾಸುಗಲ್ಲಿನ ಹಾಸು ಯಾವುದೆಂದು ಹೇಳಬೇಕಿಲ್ಲ. ಹಳಗನ್ನಡದಲ್ಲೂ ಪಾಸಱೆ ಎಂಬ ಪದವಿತ್ತು, ಹಾಸಿದಂತೆ ಬಿದ್ದ ಬಂಡೆ ಎಂದು. ಬಟ್ಟೆಗೂ ಬಂಡೆಗೂ ಒಂದೇ ಕ್ರಿಯೆ ಸಾಕೆಂದು ಕನ್ನಡ ಸಾವಿರ ವರ್ಷದ ಹಿಂದೆಯೇ ತೀರ್ಮಾನಿಸಿತ್ತು. ಬೆರಗಾಗುವುದು ಪರಸಿಯ ವಿಷಯಕ್ಕೆ. ಅದು ಮರಾಠಿಯ ಫರಶಿ. ಅದರ ಬೇರು ಅರಬ್ಬಿಯ ಫರ್ಶ್. ಅರಬ್ಬಿಯಲ್ಲಿ ಫರಶ ಎಂದರೆ ಹಾಸು, ಫರ್ಶ್ ಎಂದರೆ ಹಾಸಿದ್ದು, ಫಿರಾಶ್ ಎಂದರೆ ಹಾಸಿಗೆ. ಅರಮನೆಗಳಲ್ಲಿ ರತ್ನಗಂಬಳಿ ಹಾಸುವ ಆಳಿಗೆ ಫರಾಶ್ ಎಂದೇ ಹೆಸರಿತ್ತು. 1490ರಿಂದ 1686ರವರೆಗೆ ಆದಿಲ್‌ಶಾಹಿಗಳು ವಿಜಯಪುರದಲ್ಲಿ ಕೂತು ಆಳಿದ ಸೀಮೆ ಇದು. ಪಾರಸಿ, ಅರಬ್ಬಿ ಮಾತುಗಳು ಕಚೇರಿಯಿಂದ ಪೇಟೆಗೆ, ಪೇಟೆಯಿಂದ ಪಡಸಾಲೆಗೆ ಇಳಿದವು. ಕನ್ನಡಿಗನೂ ಅರಬನೂ ಒಬ್ಬರ ಮುಖ ಒಬ್ಬರು ನೋಡದ ಕಾಲದಲ್ಲೇ ಇಬ್ಬರೂ ಹಾಸಿಗೆಯನ್ನೂ ನೆಲಗಲ್ಲನ್ನೂ ಒಂದೇ ಧಾತುವಿನಿಂದ ಕರೆದಿದ್ದರು. ಕೊನೆಗೆ ಎರಡೂ ಪದ ಬಂದು ತಾಳಿಕೋಟಿಯ ಒಂದೇ ಕಲ್ಲಿನ ಮೇಲೆ ಕೂತವು.

ಲ್ಯಾಟಿನ್ನಿನಲ್ಲೂ ಇದೇ ಕಥೆ. ಅಲ್ಲಿ ಸ್ಟ್ರಾಟುಮ್ ಎಂದರೆ ಹಾಸಿದ್ದು, ಹಾಸಿಗೆಯ ಮೇಲಿನ ಬಟ್ಟೆ ಕೂಡ. ಕಲ್ಲು ಹಾಸಿದ ದಾರಿಗೆ ವಿಯಾ ಸ್ಟ್ರಾಟಾ ಎನ್ನುತ್ತಿದ್ದರು; ಇಂಗ್ಲಿಷಿನ ಸ್ಟ್ರೀಟ್ ಹುಟ್ಟಿದ್ದು ಅದರಿಂದ. ಹಾಸುವ ಹುಲ್ಲು ಸ್ಟ್ರಾ ಆಯಿತು. ಸಂಸ್ಕೃತದ ಸ್ತರ, ಆಸ್ತರಣ, ವಿಸ್ತಾರ ಎಲ್ಲ ಈ ಬಳಗವೇ. ಭೂಗರ್ಭಶಾಸ್ತ್ರದವರು ತಾಳಿಕೋಟಿಯ ಕಲ್ಲಿನ ಪದರುಗಳನ್ನು ಸ್ತರ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ನೇರವಾಗಿ ಬೆಡ್ ಎಂದೇ ಎನ್ನುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ನೀರಿನಡಿ ಸುಣ್ಣದ ಕೆಸರು ಒಂದರ ಮೇಲೊಂದು ಹಾಸಿಕೊಂಡು ಗಟ್ಟಿಯಾದ ಕಲ್ಲು ಅದು. ಎಪ್ರಿಲ್ ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ತುಸು ನೀರು ಚಿಮುಕಿಸಿ ಏನನ್ನೂ ಹಾಸದೆ ಬರಿಮೈಯಲ್ಲಿ ಬಿದ್ದುಕೊಳ್ಳುವ ಸುಖ ಬಲ್ಲವರಿಗೆ ಸ್ತರದ ಅರ್ಥ ಬೇರೆ ವಿವರಿಸಬೇಕಿಲ್ಲ. ರಾತ್ರಿ ಮಾತ್ರ ಮಾಳಿಗೆ. ಹಾಸಿಗೆಗಳು ಏಣಿ ಏರುತ್ತಿದ್ದವು.

ಪರದೇಶದಿಂದ ಬಂದು ಹಾಸಿಗೆಯ ಸಂಗಡ ಮಲಗಿದ ಮಾತುಗಳಲ್ಲಿ ಬಿಸ್ತರ ಒಂದು. ಊರು ಬಿಡುವವರು ಹಾಸಿಗೆ ಸುತ್ತಿ ಹಗ್ಗ ಬಿಗಿದರೆ ಅದು ಬಿಸ್ತರ. ಪಾರಸಿಯಿಂದ ಬಂದದ್ದು. ಹಳೆಯ ಪಾರಸಿಕದ ‘ವಿ’ ಉಪಸರ್ಗಕ್ಕೆ ಹರಡು ಎಂಬ ಧಾತು ಸೇರಿ ಆದ ಪದ, ಅಂದರೆ ನಮ್ಮ ಪುರೋಹಿತರ ಬಾಯಲ್ಲಿರುವ ‘ವಿಸ್ತರ’ಕ್ಕೆ ಅಕ್ಕತಂಗಿ. ಒಬ್ಬಳು ಶಾಸ್ತ್ರದ ಮನೆಗೆ ಹೋದಳು, ಇನ್ನೊಬ್ಬಳು ಬಸ್ಸಿನ ಟಾಪಿಗೆ. ಈ ಸೀಮೆಯಿಂದ ಮಳೆ ಕೈಕೊಟ್ಟ ವರ್ಷ ಮುಂಬಯಿ, ಪುಣೆ, ಗೋವಾಕ್ಕೆ ಹೋದವರು ಎಷ್ಟೋ. ನಸುಕಿನಲ್ಲಿ ಬಸ್ ನಿಲ್ದಾಣದಲ್ಲಿ ಸಾಲಾಗಿ ಕೂತ ಹಾಸಿಗೆಗಂಟುಗಳನ್ನು ನೋಡಿದರೆ ಆ ವರ್ಷದ ಬೆಳೆಯ ಲೆಕ್ಕ ಸಿಗುತ್ತಿತ್ತು.

ಗಾದಿಯ ಗತಿ ಬೇರೆ. ಹಿಂದಿಯ ಗದ್ದಿ, ಮರಾಠಿಯ ಗಾದಿ, ನಮ್ಮ ಗಾದಿ ಒಂದೇ. ಹತ್ತಿ ತುಂಬಿದ ಮೆತ್ತೆಯೂ ಹೌದು, ಸಿಂಹಾಸನವೂ ಹೌದು. ಬೀಗರಿಗೆ ಹಾಸುವುದೂ ಗಾದಿ, ಚುನಾವಣೆಯಲ್ಲಿ ಹೊಡೆದಾಡುವುದೂ ಗಾದಿಗೇ. ಹಾಸಿಗೆಗೆ ಈ ಭಾಗ್ಯ ಬರಲಿಲ್ಲ. ಯಾರೂ ಹಾಸಿಗೆ ಏರಿ ರಾಜ್ಯ ಆಳಲಿಲ್ಲ. ಒರಗುವ ದಿಂಬಿಗೆ ತಕಿಯಾ ಎಂಬ ಮಾತೂ ಆದಿಲ್‌ಶಾಹಿ ಕಾಲದ ಬಳುವಳಿ. ಫಕೀರರು ಒರಗಿ ಕೂರುವ ಠಾವಿಗೂ ಅದೇ ಹೆಸರಾಯಿತು. ವಿಜಯಪುರದ ಹೊರವಲಯದಲ್ಲಿ ಅಫಜಲಪುರ ತಕ್ಕೆ ಎಂಬ ಊರಿದೆ. ಆ ತಕ್ಕೆ ಈ ತಕಿಯಾವೇ. ದಿಂಬಿನ ಹೆಸರಿನ ಊರು. ನಮ್ಮದೇ ಮಾತೂ ಇದಕ್ಕೆ ಕಡಿಮೆಯೇನಲ್ಲ: ತಲೆಗಿಂಬು, ತಲೆಗೆ ಇಂಬು ಕೊಡುವುದು.

ಹಾಸುವುದಕ್ಕೆ ಜೋಡಿ ಹೊದೆಯುವುದು. ಅದೂ ಮೊದಲು ಪೊದೆ. ಗಿಡಗಂಟಿ ಕವಿದುಕೊಂಡ ಪೊದೆಗೂ ಮೈ ಮುಚ್ಚುವ ಹೊದಿಕೆಗೂ ನಂಟು ಇದೆ. ನಮ್ಮ ಸೀಮೆಯವರು ಹೊದೆ ಎನ್ನುವುದಕ್ಕಿಂತ ಹೊಚ್ಚು ಎನ್ನುವುದೇ ಹೆಚ್ಚು: ಹೊಚಗೊಂಡು ಮಲಕೊ. ಹಾಸು, ಹೊದೆ ಎರಡೂ ಕೂಡಿದರೆ ಕನ್ನಡದಲ್ಲಿ ಹೇರಳ ಎಂಬ ಅರ್ಥ ಬರುತ್ತದೆ. ಕೆಲಸ ಹಾಸಿ ಹೊದೆಯುವಷ್ಟಿದೆ. ಬಡತನ ಹಾಸಿ ಹೊದೆಯುವಷ್ಟಿತ್ತು. ಕೊನೆಯ ಮಾತನ್ನು ಮೊದಲು ಆಡಿದವರು ಯಾರೋ, ಹಾಸಲೂ ಹೊದೆಯಲೂ ಬೇರೇನೂ ಇಲ್ಲದವರೇ ಇರಬೇಕು.

ಹಾಸಲೂ ಹೊಚ್ಚಲೂ ಒಂದೇ ಆದದ್ದು ಕೌದಿ. ಚಳಿಗಾಲದಲ್ಲಿ ಮೇಲೆ, ಬೇಸಿಗೆಯಲ್ಲಿ ಕೆಳಗೆ. ಹರಿದ ಇಳಕಲ್ ಸೀರೆ, ಮುತ್ಯಾನ ಧೋತರ, ಮಕ್ಕಳ ಅಂಗಿ, ಹೊಲಿದು ಉಳಿದ ಕುಪ್ಪಸದ ತುಂಡು, ಎಲ್ಲವನ್ನೂ ಪದರು ಪದರಾಗಿ ನೆಲದ ಮೇಲೆ ಹಾಸಿ (ಇಲ್ಲೂ ಹಾಸುವುದೇ ಮೊದಲು), ಅಂಚಿನಿಂದ ನಡುವಿನ ಕಡೆಗೆ ಸಾಲು ಸಾಲಾಗಿ ಎಳೆ ಎಬ್ಬಿಸುತ್ತ ಹೋಗುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಓಣಿಯ ಮೂರು ನಾಲ್ಕು ಹೆಂಗಸರು ಕೂತರೆ ಒಂದು ಕೌದಿ ಹತ್ತಾರು ದಿನಕ್ಕೆ ಎದ್ದು ಬರುತ್ತದೆ. ಊರಿಂದೂರಿಗೆ ಕೌದಿ ಹೊಲಿದುಕೊಡುತ್ತ ತಿರುಗುವ ಹೆಣ್ಣುಮಕ್ಕಳೂ ಇದ್ದರು. ಜೋಳಕ್ಕೆ, ಹಳೆ ಬಟ್ಟೆಗೆ ಕೂಲಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಈಗ ದೇಶವಿದೇಶದ ಪ್ರದರ್ಶನಗಳಿಗೆ ಹೋಗುತ್ತಿದೆ, ಗೋಡೆಗೆ ತೂಗುಹಾಕುತ್ತಾರೆ. ಸಂತೋಷವೇ. ಆದರೆ ಗೋಡೆಗೇರಿದ ಕೌದಿ ಹಾಸಿಗೆ ಅಲ್ಲ ಎಂದು ನನ್ನ ಆಯಿ ಖಂಡಿತ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಒಂದು ಕೌದಿಯ ಮಗ್ಗುಲಲ್ಲಿ ಕೂತು ‘ಇದು ಯಾರ ಸೀರೀದು, ಇದು ಯಾರ ಲಗ್ನದಾಗಿನ ಖಣ’ ಎಂದು ಆಕೆ ತೇಪೆ ತೇಪೆಗೂ ಹೆಸರು ಹೇಳಬಲ್ಲಳಾಗಿದ್ದಳು. ಅವರಲ್ಲಿ ಅರ್ಧ ಜನ ಆಗಲೇ ತೀರಿಹೋಗಿದ್ದರು. ನಾವು ಅವರನ್ನು ಹೊಚ್ಚಿಕೊಂಡು ಬೆಚ್ಚಗೆ ಮಲಗುತ್ತಿದ್ದೆವು.

ಮಹಾನವಮಿಗೆ ಘಟ ಹಾಕುವ ಮುಂಚೆ ಮನೆಯ ಹಾಸಿಗೆಯೆಲ್ಲ ಒಗೆಯಲೇಬೇಕು. ಇಂಡಿ, ಸಿಂದಗಿಯ ಕಡೆಯವರಿಗೆ ಭೀಮೆ, ಮುದ್ದೇಬಿಹಾಳ, ಬಾಗೇವಾಡಿಯ ಕಡೆಯವರಿಗೆ ಕೃಷ್ಣೆ. ನಡುವಿನವರಿಗೆ ಹಳ್ಳ, ಬಾವಿ, ಈಚೆಗೆ ಕಾಲುವೆ. ಡೋಣಿ ಹೊಳೆಯ ನೀರು ಸವಳು, ಒಗೆಯಲೂ ಸೊಗಸಲ್ಲ ಎಂದು ಗೊಣಗುತ್ತಲೇ ಅಲ್ಲಿಗೆ ಹೋಗುವವರು ಹೋಗುತ್ತಾರೆ. ಮೊದಲು ಚಕ್ಕಡಿ, ಈಗ ಟಂಟಂ, ಟ್ರ್ಯಾಕ್ಟರು. ನೀರು ಕುಡಿದ ಕೌದಿ ಎತ್ತಲು ಇಬ್ಬರು ಬೇಕು. ಒಗೆದದ್ದನ್ನು ದಡದ ಬಂಡೆಗಳ ಮೇಲೆ ಒಣಹಾಕುತ್ತಾರೆ. ಹಾಸುಬಂಡೆಯ ಮೇಲೆ ಹಾಸಿದ ಹಾಸಿಗೆ. ಪದದ ಎರಡು ಅರ್ಥ ಮಟಮಟ ಮಧ್ಯಾಹ್ನ ಒಂದರ ಮೇಲೊಂದು ಒಣಗುತ್ತಿರುತ್ತವೆ.

ಮಗ್ಗದ ಮನೆಗೆ ಹೋದರೆ ಮೂರನೆಯ ಅರ್ಥ. ಉದ್ದಕ್ಕೆ ಎಳೆದು ಕಟ್ಟಿದ ನೂಲು ಹಾಸು. ಅಡ್ಡಕ್ಕೆ ಲಾಳಿಯ ಸಂಗಡ ನುಗ್ಗುವ ನೂಲು ಹೊಕ್ಕು, ಹೊಗುವುದರಿಂದ ಹೊಕ್ಕು. ನೇಕಾರನ ಭಾಷೆಯಲ್ಲಿ ಇಷ್ಟು ಚಂದದ ಜೋಡಿ ಇನ್ನೊಂದಿಲ್ಲ. ಒಂದು ಮಲಗಿ ಕಾಯುತ್ತದೆ, ಇನ್ನೊಂದು ಒಳಗೆ ಬರುತ್ತದೆ. ಕೃಷ್ಣೆ ದಾಟಿದರೆ ಸಿಗುವ ಇಳಕಲ್ಲಿನಲ್ಲಿ ಸೀರೆಯ ಮೈಯ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಕುಣಿಕೆಯಾಗಿ ಕೂಡಿಸುತ್ತಾರೆ. ಈ ವಾಕ್ಯದ ‘ಹಾಸಿಗೆ’ ಹಾಸು ಪದದ ಚತುರ್ಥಿ, ಮಲಗುವ ಹಾಸಿಗೆಯಲ್ಲ. ಆದರೆ ಓದುತ್ತ ಒಂದು ಕ್ಷಣ ನೀವೂ ಎಡವಿದ್ದೀರಿ. ಪತ್ರಿಕೆಗಳು ‘ಹಾಸುಹೊಕ್ಕು’ ಪದವನ್ನು ಬಳಸಿ ಬಳಸಿ ನೂಲು ಬಿಡಿಸಿಬಿಟ್ಟಿವೆ. ಲಂಚ ವ್ಯವಸ್ಥೆಯಲ್ಲಿ ಹಾಸುಹೊಕ್ಕಾಗಿದೆ ಎಂದು ಬರೆಯುವವರು ಒಮ್ಮೆ ಮಗ್ಗದ ಗುಂಡಿಯ ಹತ್ತಿರ ನಿಂತು ನೋಡಬೇಕು. ಹಾಸು ಬೇರೆ, ಹೊಕ್ಕು ಬೇರೆ. ಒಂದೇ ಎಳೆ ಎರಡೂ ಆಗಲಾರದು. ಅದೇ ಪತ್ರಿಕೆಗಳು ಕಟ್ಟಿದ ಕೆಂಪುಹಾಸು, ಹಸಿರುಹಾಸು, ನೆಲಹಾಸು ಮಾತ್ರ ಒಳ್ಳೆಯ ಪದಗಳು. ಕಷ್ಟಪಟ್ಟು ಅನುವಾದಿಸಿದ ವಾಸನೆ ಇಲ್ಲ.

ನೆಯ್ಗೆಯಿಂದ ಜಮಖಾನದ ನೆನಪಾಗುತ್ತದೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ಭೌಗೋಳಿಕ ಗುರುತು ಪಡೆದ ಸರಕು. ಅದನ್ನು ನೆಯ್ಯುವ ಜಮಖಾನಗಾರರ ಹಿರಿಯರು ಆದಿಲ್‌ಶಾಹಿ ವಿಜಯಪುರದಲ್ಲಿದ್ದು, ಯುದ್ಧಗಳ ಕಾಲಕ್ಕೆ ಅತ್ತ ಸರಿದರು ಎಂಬುದು ಅವರಲ್ಲಿ ನಡೆದುಬಂದ ಕಥೆ. ಇಂಡಿಯವರಿಗೆ ಸೋಲಾಪುರ ಹತ್ತಿರ. ಅವರ ಮನೆಯಲ್ಲಿ ಅಲ್ಲಿಯ ಚಾದರ. ಹಾಸುವುದು ಒಂದು ದಿಕ್ಕಿನಿಂದ, ಹೊಚ್ಚುವುದು ಇನ್ನೊಂದು ದಿಕ್ಕಿನಿಂದ.

ಈ ಚಾದರದಿಂದ ಗಾದೆಯೊಂದರ ಒಳಗುಟ್ಟು ತಿಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು. ಹಿಂದಿಯವರು ಇದೇ ಬುದ್ಧಿಯನ್ನು ಚಾದರದ ಮೇಲೆ ಹೇಳುತ್ತಾರೆ. ಮರಾಠಿಯವರು ನಮ್ಮ ಪಕ್ಷ: ಅವರ ಗಾದೆಯಲ್ಲಿ ಬರುವುದು ಅಂಥರೂಣ, ಸಂಸ್ಕೃತದ ಆಸ್ತರಣದಿಂದ ಇಳಿದದ್ದು, ಅಂದರೆ ಹಾಸಿದ್ದು. ಹೊದಿಕೆ ಸಾಲದವನಿಗೂ ಹಾಸಿಗೆ ಸಾಲದವನಿಗೂ ಕಷ್ಟ ಬೇರೆ ಬೇರೆ. ಚಾದರ ಗಿಡ್ಡವಾದರೆ ಮೊಣಕಾಲು ಮಡಿಚಿ ಮುದುಡಿ ಮಲಗಬಹುದು, ಯಾರಿಗೂ ಕಾಣದು. ಹಾಸಿಗೆ ಗಿಡ್ಡವಾದರೆ ಕಾಲು ಪರಸಿಗೆ ತಾಗುತ್ತದೆ. ಮಾಗಿಯ ರಾತ್ರಿ ಅದರ ತಣುವು ಎದೆಗೆ ಬರುತ್ತದೆ. ಪಕ್ಕದಲ್ಲಿ ಇನ್ನೂ ಮೂರು ಮಂದಿ ಮಲಗಿದ್ದರಂತೂ ನಿನ್ನ ಕಾಲು ಅವರ ಹಾಸಿಗೆಗೆ ಹೋಗುತ್ತದೆ. ಬಡವರಿಗೆ ಮಿತವ್ಯಯ ಕಲಿಸುವ ಗಾದೆ ಎಂದು ಮೇಷ್ಟ್ರು ಹೇಳಿಕೊಟ್ಟರು. ಒಂದೇ ಜಮಖಾನಿಯ ಮೇಲೆ ಐದು ಮಕ್ಕಳು ಮಲಗುವ ಮನೆಯಲ್ಲಿ ಅದು ಹುಟ್ಟಿದ್ದು ಬೇರೆ ಕಾರಣಕ್ಕೆ ಎಂದು ನನ್ನ ಅನುಮಾನ. ತಮ್ಮನ ಒದೆತ ತಿಂದ ಯಾರಾದರೂ ಇದನ್ನು ಒಪ್ಪುತ್ತಾರೆ.

ಸುತ್ತಿಡುವುದೇ ಹಾಸಿಗೆಯ ಧರ್ಮ ಎಂದೆ. ಅದಕ್ಕೇ ಸುತ್ತದೆ ಬಿಟ್ಟ ಹಾಸಿಗೆಗೆ ಭಾಷೆ ಬೇರೆ ಅರ್ಥ ಕೊಟ್ಟಿದೆ. ‘ಮುತ್ಯಾ ಹಾಸಿಗಿ ಹಿಡದಾನ’ ಎಂದರೆ ವಿವರ ಕೇಳಬೇಕಿಲ್ಲ. ಹಗಲಲ್ಲೂ ಹಾಸಿಯೇ ಇರುವ ಹಾಸಿಗೆ ಕಂಡರೆ ಮನೆಯಲ್ಲಿ ಬ್ಯಾನಿ ಇದೆ, ಇಲ್ಲವೇ ಬಾಣಂತಿ ಇದ್ದಾಳೆ ಎಂದು ಬಂದವರು ದನಿ ಇಳಿಸುತ್ತಿದ್ದರು. ಇಲ್ಲಿ ಗಮನಿಸಿ, ರೋಗಿ ಹಾಸಿಗೆಯನ್ನು ಹಿಡಿಯುತ್ತಾನೆ. ಹಾಸಿಗೆ ಅವನನ್ನು ಹಿಡಿದದ್ದಲ್ಲ. ಬಿಟ್ಟರೆ ಏಳಬಹುದು ಎಂಬ ಆಸೆ ಆ ಮಾತಿನಲ್ಲಿ ಉಳಿದಿದೆ. ಜೈನರ ಸಂಥಾರವೂ ಈ ಮನೆತನದ್ದೇ: ಪ್ರಾಕೃತದ ಸಂಥಾರ ಎಂದರೆ ಹುಲ್ಲಿನ ಹಾಸಿಗೆ, ಸಂಸ್ಕೃತದ ಸಂಸ್ತಾರ. ಅನ್ನ ನೀರು ಬಿಟ್ಟು ಕೊನೆಯ ಹಾಸಿಗೆಯಲ್ಲಿ ಕೂರುವ ವ್ರತಕ್ಕೆ ಹಾಸಿಗೆಯೇ ಹೆಸರಾಯಿತು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ನಿಷೇಧಿಸಿ, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಾಗ ದೇಶವೆಲ್ಲ ವಾದ ಮಾಡಿದ್ದು, ಪದದ ಮಟ್ಟಿಗೆ ಹೇಳುವುದಾದರೆ, ಒಂದು ಹಾಸಿಗೆಯ ಬಗ್ಗೆ.

ಕಿಟೆಲ್ಲನ ನಿಘಂಟು 1894ರದು, ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟು 1961ರದು. ಪಾಸು, ಹಾಸು, ಪಾಯ್, ಪಜೆಗಳನ್ನು ಸಾಲಾಗಿ ಕೂರಿಸಿದ ಪುಟಗಳು ಅಲ್ಲಿವೆ. ಎರಡರಲ್ಲೂ ಸಿಗದೆ ಇರುವುದು ಹಾಸುವ ರೀತಿ. ತಲೆ ಯಾವ ದಿಕ್ಕಿಗೆ, ಹೊಸಿಲಿಗೆ ಅಡ್ಡಲಾಗಿ ಯಾಕೆ ಹಾಸಬಾರದು, ಬಾಣಂತಿಯ ಕೆಳಗೆ ಯಾವ ಕೌದಿ, ತೀರಿಕೊಂಡವರ ಹಾಸಿಗೆ ಯಾರಿಗೆ ಹೋಗುತ್ತದೆ. ಇದನ್ನು ಪಂಡಿತರು ಬರೆಯಲಿಲ್ಲ, ಯಾಕೆಂದರೆ ಅವರು ಮಲಗುವ ಹೊತ್ತಿಗೆ ಯಾರೋ ಹಾಸಿಟ್ಟಿರುತ್ತಿದ್ದರು.

ಈಗ ಸಿಂದಗಿಯ ಪೇಟೆಯಲ್ಲೂ ಮುದ್ದೇಬಿಹಾಳದ ಪೇಟೆಯಲ್ಲೂ ಫೋಮಿನ ಮ್ಯಾಟ್ರೆಸ್ ಸಿಗುತ್ತದೆ. ಆ ಪದವೂ ಅರಬ್ಬಿಯದೇ. ಮತ್ರಹ್, ಏನನ್ನಾದರೂ ಚೆಲ್ಲುವ ಜಾಗ. ಮಂಚದ ಮೇಲೆ ಚೆಲ್ಲಿದ್ದು ಚೆಲ್ಲಿದ ಹಾಗೇ ಹಗಲೂ ರಾತ್ರಿ ಬಿದ್ದಿರುತ್ತದೆ, ಆದ್ದರಿಂದ ಹೆಸರು ಒಪ್ಪುತ್ತದೆ. ನಮ್ಮ ಮನೆಗೂ ಅದು ಬಂದಿದೆ. ರಾತ್ರಿ ಒಂಬತ್ತಾದರೆ ಅವ್ವ ಈಗಲೂ ‘ಹಾಸಿಗಿ ಹಾಸಿದ್ಯೇನ?’ ಎಂದು ಕೇಳುತ್ತಾಳೆ. ಹಾಸಲು ಏನೂ ಇಲ್ಲ. ನಾನು ಎದ್ದು ಹೋಗಿ ಚಾದರ ಝಾಡಿಸಿ ಮತ್ತೆ ಹರಡಿ ‘ಹಾಸೀನಿ’ ಎನ್ನುತ್ತೇನೆ.

ಓದುಗರಲ್ಲಿ ಒಂದು ಕೇಳಿಕೆ. ಮನೆಯಲ್ಲಿ ಆಯಿ ಇದ್ದರೆ, ಇವತ್ತು ಅವರ ಹಾಸಿಗೆಯನ್ನು ನೀವೇ ಹಾಸಿ. ಹಾಸುತ್ತ, ಕೌದಿಯ ಒಂದೊಂದು ತೇಪೆ ಯಾರದೆಂದು ಕೇಳಿ, ಹೊಲಿಗೆಗೆ, ಅಂಚಿಗೆ, ಮೂಲೆಗೆ ಅವರು ಏನೆನ್ನುತ್ತಾರೆಂದು ಕೇಳಿ, ಬರೆದಿಟ್ಟುಕೊಳ್ಳಿ. ಪೆನ್ನು ಮೊದಲೇ ಹತ್ತಿರ ಇಟ್ಟುಕೊಂಡಿರಿ. ಮಲಗಿದ ಮೇಲೆ ಅವರು ಬಹಳ ಹೊತ್ತು ಎಚ್ಚರ ಇರುವುದಿಲ್ಲ.